ಸಂಶಯ ಬಂದರೆ ಫೋನ್ ಮಾಡಿ

ನಾರ್ಬರ್ಟ್ ಶುಲ್ಟೆಗೆ ಆ ದಿನ ಒಂದು ಸಂಶಯ ಬೇಕಾಗಿತ್ತು. ಎಂಥದ್ದಾದರೂ ಸರಿ, ಆದರೆ ಮಧ್ಯಾಹ್ನ ಲಾರಿ ಹೊರಡುವುದರೊಳಗೆ ಬೇಕಾಗಿತ್ತು.

ಓಹಾಯೋದ ಸರೋವರದ ದಂಡೆಯಲ್ಲಿರುವ ಬ್ರಂಟ್ಲಿ ಪಂಪ್ಸ್ ಕಂಪನಿಯಲ್ಲಿ ಅವನು ಮಾಲು ಕಳಿಸುವ ಗುಮಾಸ್ತ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಜೊತೆ ಮಾತಾಡುತ್ತಿದ್ದವನು ಟಿವಿಯಲ್ಲಿ ಹವಾಮಾನ ಹೇಳುವವನೊಬ್ಬನೇ. ಅವನೂ ಊರಿಗೆಲ್ಲ ಮಾತಾಡುವವನು. ಆಫೀಸಿನಲ್ಲಿ "ಹೇಗಿದೀಯ ನಾರ್ಬ್?" ಎಂದು ಕೇಳಿದವರು ಉತ್ತರ ಬರುವ ಮೊದಲೇ ಕಾಫಿ ಯಂತ್ರದ ಹತ್ತಿರ ಇರುತ್ತಿದ್ದರು. ಹೀಗಾಗಿ ಅವನಿಗೆ ಉಳಿದವಳು ಕೊರೀನ್.

ಕೊರೀನಳನ್ನು ಅವನು ಕಣ್ಣಾರೆ ನೋಡಿರಲಿಲ್ಲ. ಚಿಲಿ ದೇಶದ ಗಿರಾಕಿಯೊಬ್ಬರು ಬ್ರಂಟ್ಲಿಯ ಪಂಪುಗಳನ್ನು ಕೊಳ್ಳುತ್ತಿದ್ದರು, ಆದರೆ ಸಾಗಿಸುವ ಏಜೆಂಟರನ್ನು ಮಾತ್ರ ತಾವೇ ಗೊತ್ತುಮಾಡಿಕೊಂಡಿದ್ದರು. ಆ ಏಜೆಂಟರ ನ್ಯೂಆರ್ಕ್ ಊರಿನ ಆಫೀಸಿನಲ್ಲಿ ಕೂತವಳು ಕೊರೀನ್. ಲಾರಿ ಕಳಿಸುವುದು, ಸರ್ಕಾರಕ್ಕೆ ರಫ್ತಿನ ವಿವರ ಸಲ್ಲಿಸುವುದು, ಎಲ್ಲ ಅವಳ ಪಾಲಿನ ಕೆಲಸ. ಮಾಲಿನ ವಿವರ ಕೇಳಲು ಫೋನ್ ಮಾಡಿದಾಗ, "ಅಲ್ಲಿ ಹಿಮ ಬಿತ್ತಾ? ಊಟಕ್ಕೇನು ತಂದಿದೀರಿ?" ಎಂದೂ ಕೇಳುವಳು. ಕೇಳುವವರೊಬ್ಬರು ಇದ್ದಾರಲ್ಲ ಎಂದು ನಾರ್ಬರ್ಟ್ ಬರೀ ಬ್ರೆಡ್ಡು ಚೀಸು ತರುವುದನ್ನು ಬಿಟ್ಟು, ರಾತ್ರಿಯೇ ಕೊಚ್ಚಿದ ಮಾಂಸದ ಮೀಟ್‌ಲೋಫ್ ಬೇಯಿಸಿ ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದ.

ಈ ಸಲ ವಿವರವೆಲ್ಲ ಕಂಪ್ಯೂಟರಿನಲ್ಲೇ ಹೋಗಿಬಿಟ್ಟಿತ್ತು. ಫೋನ್ ಬರಲಿಲ್ಲ. ತಾನೇ ಮಾಡೋಣವೆಂದರೆ, ಕೆಲಸವಿಲ್ಲದ ಮಾತಿಗೆ ಮೇಲಿನವರು ಬೈಯುತ್ತಾರೆಂದು ಅವಳೇ ಒಮ್ಮೆ ಹೇಳಿದ್ದಳು.

ಆಗ ನೆನಪಿಗೆ ಬಂದದ್ದು ಹೋದ ವಾರ ಕಂಪನಿಯ ವಕೀಲರು ಬಂದು ಮಾಡಿದ ಪಾಠ. "ಏಜೆಂಟರು ಗಿರಾಕಿಯ ಕಡೆಯವರು ಅಂದ ಮಾತ್ರಕ್ಕೆ ನಿಮ್ಮ ಜವಾಬ್ದಾರಿ ಲಾರಿ ಹತ್ತಿ ಹೋಗೋದಿಲ್ಲ. ರಫ್ತಿಗೆ ಸರ್ಕಾರದ ಪರವಾನಗಿ ಬೇಕೋ ಬೇಡವೋ ನೋಡಿಕೊಳ್ಳೋದು ತಮ್ಮ ಹೊಣೆ ಅಂತ ಗಿರಾಕಿ ಬರೆದುಕೊಟ್ಟಿರಬೇಕು. ಕೊಟ್ಟಿಲ್ಲ ಅಂದ್ರೆ ಹೊಣೆ ನಿಮ್ಮದೇ. ಸಂಶಯ ಬಂದ್ರೆ ಫೋನ್ ಎತ್ತಿ ಕೇಳಿ." ತೂಕಡಿಸುತ್ತಿದ್ದ ನಾರ್ಬರ್ಟನ ಕಿವಿಗೆ ನೆಟ್ಟಗೆ ಇಳಿದದ್ದು ಕೊನೆಯ ಮಾತೊಂದೇ.

ಫೋನ್ ಎತ್ತಿದ.

"ಕೊರೀನ್, ನಂಗೊಂದು ಸಂಶಯ."

"ಹೇಳಿ ನಾರ್ಬರ್ಟ್."

"ಈ ಪಂಪು ಕೊನೆಗೆ ಯಾರ ಕೈ ಸೇರುತ್ತೆ?"

"ಎಂದಿನ ಹಾಗೆ, ಆಂಟೊಫಗಾಸ್ಟಾದ ತಾಮ್ರದ ಗಣಿಗೆ. ನೀರೆತ್ತೋಕೆ."

"ಅಲ್ಲಿ ಬಿಸಿಲು ಜಾಸ್ತೀನಾ?"

ಆ ಕಡೆಯಿಂದ ನಗು. "ಇದೂ ಸಂಶಯವೇನ್ರೀ?"

ಮುಟ್ಟಿ ನೋಡಬಹುದಾದಂಥ ನಗು. ನಾರ್ಬರ್ಟ್ ಫೋನಿಟ್ಟ, ಇನ್ನೊಂದು ಸಂಶಯ ಹುಟ್ಟಿಸಿಕೊಂಡು ಮತ್ತೆ ಮಾಡಿದ. ಮೂರನೆಯ ಸಲ ಮಾಡುವ ಹೊತ್ತಿಗೆ ಮಾರಾಟ ವಿಭಾಗದ ಬ್ರಾಡ್ ಬಾಗಿಲಲ್ಲಿ ನಿಂತಿದ್ದ.

"ಏನಪ್ಪಾ ಸಂಶಯ? ಲಾರಿ ಗೇಟು ದಾಟಿದ್ರೆ ನಮ್ಮ ಪೀಡೆ ಕಳೀತು. ಅವರ ಏಜೆಂಟು, ಅವರ ತಲೆನೋವು."

"ಕೇಳಬೇಕು ಅಂತ ವಕೀಲರೇ ಹೇಳಿದಾರೆ" ಅಂದ ನಾರ್ಬರ್ಟ್. ಬೇರೆ ಏನು ಹೇಳಲು ಸಾಧ್ಯವಿತ್ತು?

ವಕೀಲರ ಹೆಸರು ಕೇಳಿದ್ದೇ ಬ್ರಾಡನ ಮುಖ ಹುಳಿ ಕುಡಿದವನಂತಾಯಿತು. ಅವನು ಹೋಗಿ ಗೋದಾಮಿನ ಡ್ವೇಯ್ನ್‌ಗೆ ಊದಿದ. ಡ್ವೇಯ್ನ್ ಅದಕ್ಕೆ ಉಪ್ಪುಕಾರ ಹಚ್ಚಿದ. ಅರ್ಧ ಗಂಟೆಯಲ್ಲಿ ಪಂಪು ಗಣಿಗಲ್ಲ, ಯಾವುದೋ ಯುದ್ಧಕ್ಕೆ ಹೊರಟಿದೆ ಎಂಬ ಸುದ್ದಿ ಕಾರ್ಖಾನೆಯಲ್ಲೆಲ್ಲ ಹಬ್ಬಿತು. ಫೋರ್ಕ್‌ಲಿಫ್ಟ್ ಪಂಪಿನ ಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿತು.

"ಇಳಿಸ್ಲಾ, ಏರಿಸ್ಲಾ?" ಡ್ವೇಯ್ನ್ ಕೂಗಿದ. "ನಾಳೆ ಸರ್ಕಾರದವರು ಬಂದ್ರೆ ಪೆಟ್ಟಿಗೆ ಮುಟ್ಟಿದವನು ನಾನು ಅಂತಾಗಬಾರದು ನೋಡು."

ಲಾರಿಯ ಚಾಲಕ ಚಳಿಗೆ ಒಳಗೆ ಬಂದು ನಾರ್ಬರ್ಟನ ಕುರ್ಚಿಯಲ್ಲೇ ಕೂತ. ಡಬ್ಬಿ ಕಂಡು, "ಇದು ಯಾರದ್ದೂ ಅಲ್ಲ ತಾನೇ?" ಅಂದ. ತನ್ನದೆಂದು ಹೇಳುವಷ್ಟು ಗಟ್ಟಿ ಗಂಟಲು ನಾರ್ಬರ್ಟನಿಗೆ ಎಂದೂ ಇರಲಿಲ್ಲ.

ಒಡತಿ ಮಿಸೆಸ್ ಬ್ರಂಟ್ಲಿ ಮೇಲಿನಿಂದ ಇಳಿದು ಬಂದರು. "ನಾರ್ಬರ್ಟ್, ಹೊಣೆ ತಮ್ಮದು ಅಂತ ಆ ಗಿರಾಕಿ ನಮಗೆ ಬರೆದುಕೊಟ್ಟ ಪತ್ರ ಎಲ್ಲಿದೆ?"

ಪತ್ರ ಎಲ್ಲಿಯೂ ಇರಲಿಲ್ಲ. ಯಾರೂ ಕೇಳಿಯೇ ಇರಲಿಲ್ಲ. ಮಿಸೆಸ್ ಬ್ರಂಟ್ಲಿಯ ಮುಖ ಬೆಳ್ಳಗಾಯಿತು. ವಕೀಲರಿಗೆ ಫೋನ್ ಮಾಡಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾರ್ಬರ್ಟನಿಗೆ ಈಗ ಮೊದಲ ಬಾರಿಗೆ ನಿಜವಾದ ಕಾರಣ ಸಿಕ್ಕಿತು. ಗೋದಾಮಿನ ಫೋನಿನಿಂದ ಮಾಡಿದ.

"ಕೊರೀನ್, ಒಂದು ಪತ್ರ ಬೇಕಾಗಿತ್ತು."

"ಬರೆಸಿ ತರಿಸ್ತೀನಿ. ನಾರ್ಬರ್ಟ್, ಊಟ ಆಯ್ತಾ?"

"ನಿಮ್ಮ ಚಾಲಕನದ್ದು ಆಯ್ತು."

ಅವಳು ಮತ್ತೆ ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಇಲ್ಲಿ ಎಲ್ಲರೂ ಮಾಲಿನ ನಂಬರು ಕೇಳ್ತಾರೆ, ಇಟ್ಟುಬಿಡ್ತಾರೆ. ನೀವೊಬ್ಬರೇ ಬಿಸಿಲಿನ ವಿಷಯ ಕೇಳಿದ್ದು. ಮುಂದಿನ ಗುರುವಾರ ಇನ್ನೊಂದು ಪೆಟ್ಟಿಗೆ ಇದೆಯಲ್ಲ, ಅಷ್ಟರಲ್ಲಿ ಒಂದಷ್ಟು ಸಂಶಯ ಕೂಡಿಹಾಕಿಟ್ಟಿರಿ. ಯಾರೋ ಬಂದ್ರು, ಇಡ್ತೀನಿ."

ಗೋದಾಮಿನ ಚಳಿಯಲ್ಲಿ ನಾರ್ಬರ್ಟ್ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಹಸಿವಾಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಗುರುವಾರ ಅವಳ ಮನೆಯ ನಂಬರು ಕೇಳಿಯೇಬಿಡುವುದೆಂದು ನಿಶ್ಚಯಿಸಿದ.

ಸಂಜೆ ಮಿಸೆಸ್ ಬ್ರಂಟ್ಲಿ ಎಲ್ಲರನ್ನೂ ಸೇರಿಸಿದರು. ವಕೀಲರು ನೋಡಿದ್ದಾರೆ, ಈ ಪಂಪಿಗೆ ಪರವಾನಗಿ ಬೇಕಿಲ್ಲ, ಲಾರಿ ಹೋಗಬಹುದು ಎಂದರು. "ಆದರೆ ಬೇಕಾಗಿದ್ದಿದ್ದರೆ? ಇಷ್ಟು ದಿನ ಹೊಣೆ ನಮ್ಮ ತಲೆ ಮೇಲೇ ಇತ್ತು, ನಾವು ನಿದ್ದೆ ಮಾಡ್ತಿದ್ದೆವು. ಎಚ್ಚರ ಇದ್ದವನು ನಾರ್ಬರ್ಟ್ ಒಬ್ಬನೇ."

ಬ್ರಾಡ್ ಕೂಡ ಚಪ್ಪಾಳೆ ತಟ್ಟಿದ. ಡ್ವೇಯ್ನ್ ಬೆನ್ನು ತಟ್ಟಿದ. ಇಷ್ಟು ಜನ ಒಟ್ಟಿಗೆ ನಾರ್ಬರ್ಟನ ಕಡೆ ನೋಡಿದ್ದು ಹೆಂಡತಿಯ ಅಂತ್ಯಕ್ರಿಯೆಯ ನಂತರ ಇದೇ ಮೊದಲು.

"ಅದಕ್ಕೇ ಚಿಲಿಯವರ ಜೊತೆ ಈಗಷ್ಟೇ ಮಾತಾಡಿದೆ" ಎಂದರು ಮಿಸೆಸ್ ಬ್ರಂಟ್ಲಿ, ಅವನ ತೋಳು ಹಿಡಿದು. "ಅವರೂ ಒಪ್ಪಿದಾರೆ. ಇನ್ನು ಅವರ ಏಜೆಂಟರು ಬೇಡ, ಎಲ್ಲ ನಮ್ಮ ಏಜೆಂಟರೇ ನೋಡ್ಕೋತಾರೆ. ಪಾಪ, ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ಮಾಡಿದೆಯೋ. ಆ ಹೆಂಗಸಿನ ಜೊತೆ ಇನ್ನು ನೀನು ಒಂದು ಮಾತೂ ಆಡಬೇಕಾಗಿಲ್ಲ."

ನಾರ್ಬರ್ಟ್ ತನ್ನ ಮೇಜಿಗೆ ಬಂದ. ನ್ಯೂಆರ್ಕಿನ ನಂಬರು ಒತ್ತಿದ. ಆಫೀಸಿನ ವೇಳೆ ಮುಗಿದಿದೆ ಎಂದು ಯಂತ್ರವೊಂದು ಹೇಳಿತು. ಬೆಳಿಗ್ಗೆ ಮಾಡಿದರೆ ಏನೆಂದು ಹೇಳಿ ಕೇಳುವುದು? ಪೆಟ್ಟಿಗೆಯೇ ಇಲ್ಲದ ಮೇಲೆ ಸಂಶಯ ಎಲ್ಲಿಂದ ತರುವುದು?

ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಾಗ ಫೋನ್ ಗುಣುಗುಟ್ಟಿತು. ಹಾರಿ ಎತ್ತಿಕೊಂಡ.

"ಶುಲ್ಟೆ ಅವರಾ?" ನೆಗಡಿ ಹಿಡಿದ ಗಂಡಸಿನ ದನಿ. "ನಾನು ನಿಮ್ಮ ಹೊಸ ಏಜೆಂಟ್. ನಮ್ಮಲ್ಲಿ ಎಲ್ಲ ಕಂಪ್ಯೂಟರಲ್ಲೇ. ಇನ್ನು ನಿಮಗೆ ಒಂದು ಸಂಶಯಾನೂ ಬರಲ್ಲ ಸಾರ್, ಫೋನ್ ಮಾಡೋ ಅಗತ್ಯಾನೇ ಇರಲ್ಲ."