ನೀಲಿ ಉರಿಯ ಟಾನಿಕ್

ಜೇನುತುಪ್ಪ ಒಲ್ಲೆನೆಂದದ್ದೇ ಭೂಪಾಲನಿಗೆ ಮುಳುವಾಯಿತು. ಕಾಮಾಲೆಗೆಂದು ಖಾನಾಪುರದ ವೈದ್ಯರು ಕೊಟ್ಟ ಚೂರ್ಣವನ್ನು ಜೇನಿನಲ್ಲಿ ಕಲಸಿ ನೆಕ್ಕಬೇಕಿತ್ತು. ಜೈನರ ಮನೆಯಲ್ಲಿ ಜೇನೆಂದರೆ ಶೆರೆಗೆ, ಹೆಂಡಕ್ಕೆ ಸಮ.

"ಶೆರಿ ಮಾತ್ರ ಹನಿಯೂ ಮುಟ್ಟಬ್ಯಾಡ, ನಿನಗದು ವಿಷ" ಎಂದು ವೈದ್ಯರು ಹೇಳಿದಾಗ ಅವನು ನಕ್ಕಿದ್ದ. "ನಮ್ಮ ಏಳು ತಲಿ ಮುಟ್ಟಿಲ್ರಿ!"

ಚೂರ್ಣವನ್ನು ಗೋಡೆಯ ಮಾಡದಲ್ಲಿಟ್ಟು, ಇಂಗ್ಲಿಷರ ಗೋರಾ ಸಿಪಾಯಿಗಳು ತಿರುಗಾಡುವ ಬೆಳಗಾವಿ ಕ್ಯಾಂಪಿನ ಅಂಗಡಿಯಿಂದ ಟಾನಿಕ್ ತರಿಸಿ ಕುಡಿಯತೊಡಗಿದ. ಮೈಗೆ ಹಿತವಾಗಿತ್ತು. ಕಣ್ಣಿನ ಹಳದಿ ಮಾತ್ರ ಊಟದ ಹೊತ್ತಿಗೆ ಬಂದ ಬೀಗನಂತೆ ಜಾಗ ಬಿಟ್ಟೇಳಲಿಲ್ಲ.

ಒಂದು ದಿನ ವರನನ್ನು ನೋಡಲು ಬೆಳಗಾವಿಯಿಂದ ಭೀಮಗೊಂಡ, ಚಂಪಾಬಾಯಿ ದಂಪತಿಗಳು ರೈಲಿಳಿದು ಬಂದರು. ಅವರ ಮಗಳು ರಾಜಮತಿಯ ಮೇಲೆ ಭೂಪಾಲನಿಗೆ ಮನಸ್ಸು. ಧೈರ್ಯಕ್ಕೆಂದು ಅರ್ಧ ಸೀಸೆ ಇಳಿಸಿದ.

"ಬರ್ರಿ, ಕುಂದರ್ರಿ!" ಎಂದು ಕಂಬಕ್ಕೆ ಕೈಮುಗಿದ. ಭಾವಿ ಮಾವನ ಬೆನ್ನು ತಟ್ಟಿ, "ಹೆಂಗದಿ ದೋಸ್ತಾ?" ಎಂದ.

ಚಂಪಾಬಾಯಿ ಮೂಗಿಗೆ ಸೆರಗು ಹಿಡಿದಳು. "ಇಂವಾ ಕುಡದಾನ!"

"ಅಯ್ಯ, ಬರೇ ಔಷಧವ್ವಾ ಅದು!" ಎಂದು ಅವನ ತಾಯಿ ಅಕ್ಕಾತಾಯಿ ಸೀಸೆಯನ್ನೇ ತಂದಳು.

ಗದ್ದಲ ಕೇಳಿ ಬಾಜು ಮನೆಯ ನಾಗಲಿಂಗ ಬಂದ. ಅಬಕಾರಿ ಖಾತೆಯಲ್ಲಿ ಸಿಪಾಯಿಯಾಗಿದ್ದವನು. ಸೀಸೆ ಮೂಸಿ, "ತಡೀರಿ, ಒಂದ್ ಚಮಚಾ ಕಾಸೂಣು" ಎಂದ. ಚಮಚೆಯನ್ನು ಕೆಂಡದ ಮೇಲೆ ಹಿಡಿದು, ಹಬೆಯೇಳುತ್ತಲೇ ಕಡ್ಡಿ ಗೀರಿದ. ಭಗ್ಗನೆ ನೀಲಿ ಉರಿ! ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರ ತಲೆಗಳೂ ಬಗ್ಗಿದವು.

"ಔಷಧಕ್ಕ ಬೆಂಕಿ ಹತ್ತತೈತೇನೋ?" ಎಂದಳು ಅಕ್ಕಾತಾಯಿ.

"ಒಳಗಿನ ಶೆರಿಗೆ ಹತ್ತತೈತ್ರಿ. ಔಷಧ ಕೆಡಬಾರದಂತ ಹಾಕತಾರ. ಕಾಮಣಿ ಆದಾವಗ ಇದು ಉರಿಯೂ ಒಲಿಗೆ ಎಣ್ಣಿ ಹೊಯ್ದಂಗ!"

ಭೂಪಾಲನ ಅಮಲು ಜರ್ರನೆ ಇಳಿಯಿತು. "ಖರೇನ ಗೊತ್ತಿರಲಿಲ್ರಿ ಮಾವಾ! ಇವತ್ತಿಂದ ಬಿಟ್ಟೆ!"

ಭೀಮಗೊಂಡ ಸೀಸೆಯನ್ನು ತಿರುಗಿಸಿ ನೋಡಿ ಮೆತ್ತಗಾದ. "ಹುಡುಗಂದೇನ್ ತಪ್ಪು ಬಿಡ್ರಿ. ಹಸಿವಿ ಆಗಲಂತ ನಾನೂ ದಿನಾ ಸಂಜಿಗೆ ಇದನ್ನೇ ತಗೋತೇನಿ."

ಭೂಪಾಲನಿಗೆ ಹೋದ ಜೀವ ಬಂತು. ಚಂಪಾಬಾಯಿ ಮಾತ್ರ ಮೆಲ್ಲಗೆ ಎದ್ದು ನಿಂತಳು.

"ಹಂಗಾರ ನೀವು ದಿನಾ ಸಂಜಿಗೆ ಎಮ್ಮಿ ಮುಂದ ಕುಂತು ಸ್ತೋತ್ರ ಹಾಡತಿದ್ದದ್ದು ಭಕ್ತಿ ಅಲ್ಲ!"

ಗಂಡ ಸೀಸೆಗೆ ಬಿರಡೆ ಹಾಕಿದ.

"ಏಳ್ರಿ, ಗಾಡಿ ಹೊತ್ತಾತು. ನಿಮ್ಮನ್ನ ಸಂಭಾಳಿಸಿ ನನಗ ಸಾಕಾಗೇತಿ. ನನ್ನ ಮಗಳ ಕೊರಳಿಗೆ ಇಂಥಾ ಇನ್ನೊಬ್ಬನ್ನ ಕಟ್ಟೂದಿಲ್ಲ!"

ಅವಳು ದಡದಡ ಹೊರಬಿದ್ದಳು. ಭೀಮಗೊಂಡ ಹೊಸ್ತಿಲಲ್ಲಿ ನಿಂತು, ಉಳಿದರ್ಧ ಸೀಸೆಯನ್ನು ಕೋಟಿನ ಕಿಸೆಗಿಳಿಸಿ, ಭೂಪಾಲನ ಕಿವಿಯಲ್ಲಿ ಪಿಸುಗುಟ್ಟಿದ:

"ಹೆಂಗೂ ನೀ ಬಿಟ್ಟಿಯಲ್ಲಾ."