ಖಂಡೇನವಮಿಯ ಕವಚಭಂಗ

‘ತೊಳೆದಿಟ್ಟ ತಗಡಿನ ಮ್ಯಾಲೆ ಕುಂಕುಮ ಹಚ್ಚಬ್ಯಾಡ್ರಿ ಅಂತ ಹೇಳ್ಲ್ಯಾ? ದೇವರ ಕೆಲಸಕ್ಕ ಅಡ್ಡ ಬಂದ್ಲು ಅಂದಾರು. ಬ್ಯಾಡ, ಸುಮ್ಮನಿದ್ದುಬಿಡ್ತೀನಿ.’

ಹೀಗೆಂದು ತನ್ನೊಳಗೇ ಅಂದುಕೊಂಡು, ತುಟಿಯವರೆಗೆ ಬಂದ ಮಾತನ್ನು ಶಾಲ್ಮಲಾ ನುಂಗಿಕೊಂಡಳು. ಆ ಒಂದು ಗುಟುಕಿನಿಂದ ಹುಟ್ಟಿದ ಮಹಾಸಮರವನ್ನು ಇನ್ನು ಹಾಡುವೆನು. ಓ ವಾಗ್ದೇವಿಯೇ, ಆ ಹುಡುಗಿಗೆ ಕೊಡದೆ ಉಳಿಸಿಕೊಂಡ ದನಿಯಲ್ಲಿ ಒಂದಿಷ್ಟನ್ನು ನನಗಾದರೂ ದಯಪಾಲಿಸು!

ಅದು ಉಕ್ಕಿನ ಯುಗ; ಅನಿಲಗಳು ಮದವೇರಿ ಮೆರೆಯುತ್ತಿದ್ದ ಕಾಲ. ವರ್ಣವಿಹೀನನೂ ಗಂಧವಿಹೀನನೂ ಸಕಲಲೋಹಾಂತರಂಗಪ್ರವೇಶಚತುರನೂ ಆದ ಹೈಡ್ರೋಜನ್ ಎಂಬ ಅಸುರನು, ಬೆಂಕಿಯ ಬಲ ಸಿಕ್ಕೊಡನೆ ಎಂಥೆಂಥ ಮಿಶ್ರಲೋಹವೀರರ ಮೈಯೊಳಗೂ ಸದ್ದಿಲ್ಲದೆ ನುಸುಳಿ, ಅವರನ್ನು ಒಣಹಪ್ಪಳದಂತೆ ಮುರಿದುಬೀಳಿಸುತ್ತಿದ್ದನು. ಅವನನ್ನು ಹೊಸ್ತಿಲಲ್ಲೇ ತಡೆಯಲೆಂದು, ಹುಬ್ಬಳ್ಳಿಯ ಹೊರವಲಯದ ಪ್ರಯೋಗಶಾಲೆಯೊಂದರಲ್ಲಿ ಶಾಲ್ಮಲಾ ಎರಡು ವರ್ಷ ಹೆಣಗಿ ಒಂದು ಲೇಪವನ್ನು ರೂಪಿಸಿದ್ದಳು. ಕೂದಲೆಳೆಗಿಂತ ಎಷ್ಟೋ ತೆಳುವಾದ, ವಜ್ರಕಠೋರವಾದ ಕವಚ.

ಆ ಕವಚವನ್ನು ಮಿಶ್ರಲೋಹದ ತಗಡಿಗೆ ತೊಡಿಸುವ ಮುಹೂರ್ತ ಆಯುಧಪೂಜೆಯ ಖಂಡೇನವಮಿಯಂದೇ ಒದಗಿತು. ಲೇಪವಿಭಾಗಾಧಿಪತಿ, ವಿಭೂತಿವಿಭೂಷಿತವಿಶಾಲಫಾಲ ಪಂಚಾಕ್ಷರಿ ಹಿರೇಮಠ ಸರ್ ಸಕಲ ಯಂತ್ರಗಳಿಗೂ ಪೂಜೆ ಸಲ್ಲಿಸಿ, ಮುರುಕು ಸ್ಟೂಲಿಗೂ ಚೆಂಡುಹೂ ಏರಿಸಿ, ಕೊನೆಗೆ ಶಾಲ್ಮಲಾ ಬೆರಳ ಜಿಡ್ಡೂ ತಾಗದಂತೆ ಕೈಗವಸು ತೊಟ್ಟು ತೊಳೆದಿಟ್ಟಿದ್ದ ತಗಡಿನ ನಟ್ಟನಡುವೆ ಉಂಗುರಬೆರಳಿನಿಂದ ಬೊಟ್ಟಿಟ್ಟರು. ಕರವಸ್ತ್ರದ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿ, “ಶಿವಾ!” ಎಂದು ಲೇಪದ ಪೆಟ್ಟಿಗೆಯೊಳಗೆ ತಾವೇ ಇಳಿಸಿದರು. ಶಾಲ್ಮಲಾ ಮಾತು ನುಂಗಿದ್ದು ಆ ಬೆರಳು ತಗಡಿನತ್ತ ಇಳಿಯುವಾಗಲೇ.

ಬನ್ನಿ ಹಂಚಿ, ಬಂಗಾರದಂತೆ ಇರೋಣವೆಂದು ಹರಸಿಕೊಂಡು, ಹಬ್ಬ ಮುಗಿಸಿ ಎಲ್ಲರೂ ಮರಳಿದ ಮೇಲೆ ಕವಚಧಾರಿ ತಗಡು ಕುಲುಮೆಯೆಂಬ ರಣರಂಗವನ್ನು ಹೊಕ್ಕಿತು. ಕಾದ ಹೈಡ್ರೋಜನ್ ಅಸುರನು ಮುತ್ತಿಗೆ ಹಾಕಿದನು. ಕುಲುಮೆ ತಣಿದು ತಗಡು ಹೊರಬಂದಾಗ, ಅಯ್ಯೋ ವಿಧಿಯೇ, ಅಂಚಿನಿಂದ ಅಂಚಿಗೆ ಕವಚ ಅಭೇದ್ಯ. ನಡುವೆ ಮಾತ್ರ ಒಂದು ದುಂಡನೆಯ ಗಾಯ! ಅಲ್ಲಿ ಲೇಪ ಸಿಪ್ಪೆಯೆದ್ದಿತ್ತು.

ಆಗ ಹಿರೇಮಠರು ಸಿಂಹನಾದಗೈದರು: “ಕಡಪಟ್ಟಿಯವ್ರ, ನಿಮ್ದು ಕುಲುಮಿನೋ, ಭಜಿ ಕರಿಯೋ ಬಾಂಡ್ಲಿನೋ? ಗ್ಯಾಸಿನ್ಯಾಗ ನೀರಿನ ಪಸಿ ಬಿಟ್ಟು ನನ್ನ ಕವಚಾ ಕೆಡಿಸಿದ್ರಿ! ಈ ಪಂಚಾಕ್ಷರಿ ಲೇಪಾ ಹಾಕಿದ ಮ್ಯಾಲೆ ಯಮ ಬಂದ್ರೂ ಬಾಗಲಾ ಬಡದು ನಿಂದರಬೇಕು, ತಿಳೀರಿ!”

ಕುಲುಮೆಯ ಒಡೆಯ, ಜ್ವಾಲಾಮಾಲಾಪರಿವೃತ ರಾಚಪ್ಪ ಕಡಪಟ್ಟಿ ಚಹಾದ ಕಪ್ಪನ್ನು ಗದೆಯಂತೆ ಝಳಪಿಸಿದನು: “ಹೋಗ್ರಿ ಸರ, ನಿಮ್ಮ ಲೇಪ ಅಂದ್ರ ಉಪ್ಪಿಟ್ಟಿನ ಮ್ಯಾಲಿನ ಕೊಬ್ರಿ, ಊದಿದ್ರ ಹಾರತೈತಿ! ನನ್ನ ಬೆಂಕಿಗೆ ಹೆಸರಿಡಬ್ಯಾಡ್ರಿ. ಅದರ ಮುಂದ ಸುಳ್ಳು ನಿಂದರಾಂಗಿಲ್ಲ!”

“ಕೊಬ್ರಿ ಅಂತೀರಿ?”

“ಅಂತೀನ್ರಿ! ಹಳೇ ಕೊಬ್ರಿ!”

ದಿಕ್ಕುಗಳು ನಡುಗಿದವು, ಕಿಟಕಿಯ ಪಾರಿವಾಳಗಳು ಪಲಾಯನಗೈದವು, ಚಹಾ ಕೆನೆಗಟ್ಟಿತು. ಕಟ್ಟಕಡೆಗೆ ಹಿರೇಮಠರು ಮೇಜನ್ನು ಗುದ್ದಿ ಭೀಷಣಪ್ರತಿಜ್ಞೆ ಮಾಡಿದರು: “ಆತು! ಈ ಲೇಪನ ಬ್ಯಾಡ. ಇದು ನಡಿಯೂದಿಲ್ಲಂತ ಇವತ್ತ ಮ್ಯಾಲಿನವರಿಗೆ ಹೇಳಿಬಿಡ್ತೀನಿ. ಶಾಲ್ಮಲಾ, ಎಲ್ಲಾ ಕಟ್ಟಿಡವಾ.”

ಎರಡು ವರ್ಷದ ಕವಚ ಒಂದೇ ಗುದ್ದಿಗೆ ಕಸವಾಗಹೊರಟಿತ್ತು. ಮೂಲೆಯಲ್ಲಿ ನಿಂತಿದ್ದ ಶಾಲ್ಮಲಾ ನುಂಗಿದ್ದ ಮಾತು ಹೊಟ್ಟೆಯಿಂದ ಮೆಟ್ಟಿಲೇರಿ ಗಂಟಲಿಗೆ ಬಂದು ನಿಂತಿತು. ಅವಳು ತಗಡನ್ನೆತ್ತಿ ಹಿರೇಮಠರ ಮುಂದೆ ಹಿಡಿದಳು.

“ಸರ… ಬೆರಳು ಇಡ್ರಿ ಇಲ್ಲೆ.”

“ಯಾಕವಾ?”

“ಉಂಗುರಬೆರಳ್ರಿ.”

ಹಿರೇಮಠರು ಇಟ್ಟರು. ತ್ರಿಲೋಕಭಯಂಕರನಾದ ಅಸುರ ಮಾಡಿದ ಮಹಾಗಾಯ ಆ ಬೆರಳ ತುದಿಯ ಕೆಳಗೆ ಪೂರ್ತಿ ಮುಚ್ಚಿಹೋಯಿತು. ಕಡಪಟ್ಟಿಯ ಗದೆ ಮೆಲ್ಲಗೆ ಸಾಸರಿಗಿಳಿಯಿತು.

ಶಾಲ್ಮಲಾ ನೆಲ ನೋಡುತ್ತ, ಆದರೆ ಎಲ್ಲರಿಗೂ ಕೇಳುವಂತೆ, ಹೇಳಿದಳು:

“ಲೇಪದ್ದ ತಪ್ಪಿಲ್ರಿ. ಬೆಂಕೀದೂ ಇಲ್ಲ. ಖಂಡೇನವಮಿ ದಿನಾ ನೀವು ಕುಂಕುಮ ಹಚ್ಚಿದ್ರಲ್ಲ, ಅಷ್ಟ ಎದ್ದೈತ್ರಿ ಸರ.”