ಕೆಂಪು ಗೊಂಚಲಿನ ಗಂಡು ಮರ

“ಹುಬ್ಬಿನ ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಎತ್ತಿ ಕೂರಿಸುವ ಕಣ್ಣಿದು! ಇದಕ್ಕೆ ಒಂದು ಮರದ ಗಂಡು-ಹೆಣ್ಣು ಗೊತ್ತಾಗಲ್ವಾ?” ಎಂದು ಗಡಿಯಾರದಣ್ಣ ಘೋಷಿಸಿದಾಗ, ಹೆಂಡತಿ ಹೆಣಿಗೆಯಿಂದ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಘೋಷಣೆಗಳೂ ಗೋಡೆ ಗಡಿಯಾರಗಳಂತೆಯೇ, ಆಗಾಗ ಹೊಡೆಯುತ್ತಿದ್ದವು.

ಅವನು ಗಡಿಯಾರ ರಿಪೇರಿಯವನು, ಅವಳು ಸ್ವೆಟರ್ ಹೆಣೆಯುವವಳು. ಮನೆಯ ಮುಂದಿನ ಕೋಣೆಯೇ ಇಬ್ಬರ ಅಂಗಡಿ. ಮಧ್ಯಾಹ್ನವಾದರೆ ಬಿಸಿಲು ಬಾಗಿಲು ತಟ್ಟದೆ ಒಳಗೆ ಬಂದು ಇಬ್ಬರನ್ನೂ ಹುರಿಯುತ್ತಿತ್ತು. ಬೇಗ ಬೆಳೆದು ನೆರಳು ಕೊಡುವ ಮರವೆಂದರೆ ಕಾಟನ್‌ವುಡ್. ಒಂದು ಕಡ್ಡಿ ಕತ್ತರಿಸಿ ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು, ಸೂರಿನ ಮೇಲೆ ಕಣ್ಣಿಟ್ಟು ಏಳುತ್ತದೆ. ಆದರೆ ಹೆಣ್ಣು ಮರ ಬೇಸಿಗೆಯಲ್ಲಿ ಊರಿಗೆಲ್ಲ ಹತ್ತಿ ಹಾರಿಸುತ್ತದೆ.

“ಆ ಹತ್ತಿ ಗಡಿಯಾರದ ಹತ್ತಿರ ಬಂದ್ರೆ ಅಂಗಡಿಗೆ ಬೀಗವೇ, ನೋಡ್ಕೊಳ್ಳಿ.”

“ಅದಕ್ಕೇ ಗಂಡು ಮರ ತರ್ತೀನಿ ಅಂದಿದ್ದು! ಗಂಡಿನ ಹೂಗೊಂಚಲು ಕೆಂಪು, ಹೆಣ್ಣಿನದು ಹಸಿರು. ಕಣ್ಣಿದ್ದೋರಿಗೆ ಇಷ್ಟೇ ವಿದ್ಯೆ!”

ಹೊಳೆದಂಡೆಯ ಮರಗಳನ್ನೆಲ್ಲ ವಧುಪರೀಕ್ಷೆ, ಅಲ್ಲ, ವರಪರೀಕ್ಷೆ ಮಾಡಿ, ಒಂದಕ್ಕೆ ಗುರುತಿಗೆಂದು ತಂತಿ ಕಟ್ಟಿ ಬಂದ. ಚಳಿಗಾಲದಲ್ಲಿ ಅದರ ಕಡ್ಡಿ ತಂದು ನೆಟ್ಟ. ಮರ ಮಾತಿಗೆ ತಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಕಿಟಕಿಯ ತುಂಬ ತ್ರಿಕೋನದ ಎಲೆಗಳು; ಚಪ್ಪಟೆ ತೊಟ್ಟಿನ ಮೇಲೆ, ಗಾಳಿಯೇ ಇಲ್ಲವೆನ್ನುವ ಹೊತ್ತಿನಲ್ಲೂ ಮೆಲ್ಲಗೆ ನಡುಗುತ್ತಿದ್ದವು. ಅವಳ ಮಡಿಲಿನ ಉಲ್ಲನ್ ಮೇಲೆ ಅವುಗಳ ನೆರಳೂ ನಡುಗುತ್ತಿತ್ತು. ಆ ತಂಪಿನಲ್ಲಿ ಅವಳು ಗಂಡನ ಎಷ್ಟೋ ಘೋಷಣೆಗಳನ್ನು ಕ್ಷಮಿಸಿದಳು.

ಮೊದಲ ಗೊಂಚಲು ಬಿಟ್ಟ ದಿನ ಅವನು ಏಣಿ ಹತ್ತಿ ನೋಡಿ, “ಕೆಂಪು! ಅಪ್ಪಟ ಗಂಡು!” ಎಂದು ಕೂಗಿದ. ಸೂಜಿಗೆ ನೂಲು ಪೋಣಿಸುತ್ತಿದ್ದವಳು ತಲೆ ಎತ್ತದೆಯೇ “ಹೂಂ” ಎಂದಳು.

ಬೇಸಿಗೆ ಬಂತು. ಜೊತೆಗೆ ಹತ್ತಿಯೂ ಬಂತು! ಏಣಿ ಹತ್ತಿ ನೋಡಿದವನಿಗೆ ಮರದೊಳಗಿನ ಹತ್ತಿ ಕಂಡಿರಲಿಲ್ಲ. ಬ್ಯಾಂಕಿನ ಕ್ಯಾಷಿಯರಮ್ಮ ತಮ್ಮ ಗಡಿಯಾರ ಒಯ್ಯಲು ಧಾವಿಸಿ ಬಂದರು. “ಏನಣ್ಣಾ, ರಿಪೇರಿಗೆ ಕೊಟ್ರೆ ನನ್ನ ಗಡಿಯಾರಕ್ಕೆ ಗಡ್ಡ ಬೆಳೆಸಿದ್ದೀಯಲ್ಲ!” ನಿಜವೇ, ಸೆಕೆಂಡಿನ ಮುಳ್ಳು ಒಂದು ಎಳೆ ಹತ್ತಿಯನ್ನು ಎಳೆದುಕೊಂಡು ಏದುಸಿರು ಬಿಡುತ್ತಿತ್ತು. ಅವನು ಗಾಬರಿಯಿಂದ ಫ್ಯಾನ್ ಹಾಕಿದ. ಮೂಲೆಯಲ್ಲಿ ಮಲಗಿದ್ದ ಹತ್ತಿಯೆಲ್ಲ ಎದ್ದು ಕುಣಿಯಿತು. ಮೂಗಿಗೆ ಹೋಯಿತು. ಅವನು ಸೀನಿದ ಸೀನಿಗೆ ಬಿಚ್ಚಿಟ್ಟಿದ್ದ ಗಡಿಯಾರದ ಚಕ್ರಗಳೆಲ್ಲ ಹಾರಿ ಉಲ್ಲನ್ ಬುಟ್ಟಿಯಲ್ಲಿ ಮಾಯವಾದವು! ಕ್ಯಾಷಿಯರಮ್ಮ ಗಡಿಯಾರ ಕಸಿದುಕೊಂಡು ಹೊರಟೇಹೋದರು.

“ಮರ ಮೋಸ ಮಾಡ್ತು ಕಣೇ! ಕೆಂಪು ಗೊಂಚಲು ತೋರಿಸಿ ಈಗ ಹೆಣ್ಣಾಗಿದೆ!”

ಬುಟ್ಟಿಯಲ್ಲಿ ಚಕ್ರ ಹುಡುಕುತ್ತಿದ್ದ ಅವಳ ಕೈ ನಿಂತಿತು. ಒಂದು ಕೆಂಪು ಉಲ್ಲನ್ ಉಂಡೆ ಎತ್ತಿ ಹಿಡಿದಳು. “ಇದ್ಯಾವ ಬಣ್ಣ?”

“ಕೆಂಪು.”

ಹಸಿರು ಉಂಡೆ ಎತ್ತಿದಳು. “ಇದು?”

ಅವನು ಕತ್ತು ಓರೆ ಮಾಡಿ ನೋಡಿದ. “ಇದೂ ಕೆಂಪೇ. ಸ್ವಲ್ಪ ಹಳೇದು.”

ಅವಳು ನಗಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ತಪ್ಪು ಮರದ್ದಲ್ಲ, ತನ್ನ ಕಣ್ಣಿನದು ಎಂದು ಅರ್ಥವಾದಾಗ ಮುಖ ಸಪ್ಪಗಾಯಿತು. ಗರಗಸ ತೆಗೆದುಕೊಂಡ. “ಕಡಿದುಬಿಡ್ತೀನಿ. ಬೇಡದ ಹೆಣ್ಣನ್ನ ನಾನೇ ಮನೆಗೆ ತಂದೆ.”

“ನಿಲ್ಲಿ ರೀ. ಮದುವೆಗೆ ಮುಂಚೆ ಲೈಬ್ರರಿ ಮೆಟ್ಟಿಲ ಮೇಲೆ ನೀನು ಕೆಂಪು ಸ್ವೆಟರ್ ಹಾಕ್ಕೊಂಡಿದ್ದೆ, ನೋಡಿದ ತಕ್ಷಣ ನಾನು ಮನಸ್ಸು ಕೊಟ್ಟೆ ಅಂತ ಹೇಳ್ತಾನೇ ಇರ್ತೀರಲ್ಲ...”

“ಹೌದು. ಕೆಂಪು ಸ್ವೆಟರ್.”

“ಆಗ ನನ್ನ ಹತ್ರ ಇದ್ದಿದ್ದು ಒಂದೇ ಸ್ವೆಟರ್, ಅದು ಹಸಿರು! ಆ ಕೆಂಪು ಸ್ವೆಟರಿನವಳು ಯಾವಳೋ ಅಂತ ಇಷ್ಟು ವರ್ಷ ಒಳಗೊಳಗೇ ಬೇಯ್ತಿದ್ದೆ ಕಣ್ರೀ!”

ಗಡಿಯಾರದಣ್ಣನ ಬಾಯಿ ತೆರೆದೇ ಇತ್ತು. ಒಂದು ಎಳೆ ಹತ್ತಿ ಅದರೊಳಗೂ ಹೋಯಿತು. ಅವಳು ಅವನ ಕೈಯಿಂದ ಗರಗಸ ಕಿತ್ತುಕೊಂಡಳು.

“ಹತ್ತಿ ಹಾರೋದು ಎರಡು-ಮೂರು ವಾರ. ಅಲ್ಲಿವರೆಗೆ ಅಡುಗೆಮನೆಯಲ್ಲಿ ಬಾಗಿಲು ಹಾಕ್ಕೊಂಡು ಕೆಲಸ ಮಾಡಿ. ಇವಳು ಇಲ್ಲೇ ಇರ್ಲಿ. ಇವಳು ಬಂದಿದ್ದಕ್ಕೇ ತಾನೇ ಆ ಕೆಂಪು ಸ್ವೆಟರಿನವಳು ತೊಲಗಿದ್ದು!”